ಗಬ್ಬದ ಹಂದಿಗಳು ಸತ್ತ ಮರಿ ಹಾಕುತ್ತಿವೆ, ಸೊಳ್ಳೆಯಿಂದ ಹೀಗಾಗುತ್ತಾ?

ಕಾಲುವೆ ದಂಡೆ, ಶಹಾಪುರ

ಎಲ್ಲರಿಗೂ ನಮಸ್ಕಾರ. ನಾನು ಶಹಾಪುರ ತಾಲ್ಲೂಕಿನವನು. ನಾಲ್ಕು ವರ್ಷದಿಂದ ಹಂದಿ ಸಾಕುತ್ತಿದ್ದೇನೆ. ಹನ್ನೆರಡು ತಾಯಿ ಹಂದಿ, ಒಂದು ಗಂಡು. ಎಲ್ಲವೂ ಯಾರ್ಕ್‌ಶೈರ್ ತಳಿ. ಶೆಡ್ಡಿನ ಹಿಂದೆ ಕಾಲುವೆ, ಅದರಾಚೆ ಭತ್ತದ ಗದ್ದೆ.

ಜುಲೈ ಮೊದಲ ವಾರ ಐದು ಹಂದಿಗೆ ಗಬ್ಬ ಕಟ್ಟಿಸಿದ್ದೆ. ಅದರಲ್ಲಿ ನಾಲ್ಕು ಚೊಚ್ಚಲ. ಮೊದಲನೆಯದು ದಿನ ತುಂಬಿ ನಾಲ್ಕು ದಿನ ಆದಮೇಲೆ ಮರಿ ಹಾಕಿತು. ಒಟ್ಟು ಹನ್ನೊಂದು. ಎರಡೇ ಜೀವ ಇದ್ದವು. ನಾಲ್ಕು ಮರಿ ಪೂರ್ತಿ ಬೆಳೆದಿದ್ದವು, ಆದರೆ ಉಸಿರಿರಲಿಲ್ಲ. ಉಳಿದ ಐದು ಒಣಗಿದ ಹುಣಸೆಹಣ್ಣಿನ ಹಾಗೆ ಕಪ್ಪಾಗಿ ಮುರುಟಿಕೊಂಡಿದ್ದವು. ಒಂದು ಬೆರಳಿನಷ್ಟು, ಇನ್ನೊಂದು ಗೇಣುದ್ದ. ಜೀವ ಇದ್ದ ಎರಡರಲ್ಲಿ ಒಂದಕ್ಕೆ ಮೈಯೆಲ್ಲಾ ನಡುಕ. ಮೊಲೆ ಹಿಡಿಯಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಹೋಯಿತು. ಮೂರು ದಿನ ಬಿಟ್ಟು ಎರಡನೆಯ ಚೊಚ್ಚಲ ಹಂದಿಗೂ ಹೀಗೇ ಆಯಿತು.

ನನಗೆ ಅರ್ಥ ಆಗದ್ದು ಏನಂದ್ರೆ, ತಾಯಿ ಹಂದಿಗಳಿಗೆ ಏನೂ ಆಗಿಲ್ಲ. ಜ್ವರ ಇಲ್ಲ, ಮೇವು ಬಿಟ್ಟಿಲ್ಲ. ಹಳೇ ತಾಯಿ ಹಂದಿ ಒಂದು ಇದೇ ವಾರ ಹತ್ತು ಮರಿ ಹಾಕಿದೆ, ಹತ್ತೂ ಚೆನ್ನಾಗಿವೆ. ಮನೆಯಲ್ಲಿ ಅವ್ವ ದೃಷ್ಟಿ ಆಗಿದೆ ಅಂತ ನಿಂಬೆಹಣ್ಣು ಕಟ್ಟಿಸಿದ್ದಾಳೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಇದು ಸೊಳ್ಳೆಯಿಂದ ಬರುವ ಮೆದುಳು ಜ್ವರ, ಹಂದಿಯಿಂದ ಮಕ್ಕಳಿಗೆ ಬರುತ್ತೆ, ಶೆಡ್ಡು ಎತ್ತಿಸಿ ಅಂತ ಹಾಕಿದ್ದಾರೆ. ನನಗೂ ನಾಲ್ಕು ವರ್ಷದ ಮಗಳಿದ್ದಾಳೆ. ರಾತ್ರಿ ಶೆಡ್ಡಿನ ಪಕ್ಕದ ಕೋಣೆಯಲ್ಲೇ ಮಲಗುತ್ತೇವೆ.

ಇನ್ನೆರಡು ಚೊಚ್ಚಲ ಹಂದಿ ಹತ್ತು ದಿನದೊಳಗೆ ಮರಿ ಹಾಕಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಮಾಂಜ್ರಾ ತೀರ, ಭಾಲ್ಕಿ

ಅಣ್ಣ, ಓದಿ ಹೊಟ್ಟೆ ಉರಿಯಿತು. ಸತ್ತ ಮರಿಗಳನ್ನು ಏನು ಮಾಡಿದಿರಿ? ಯಾರಿಗಾದರೂ ತೋರಿಸಿದಿರಾ? ಹಂದಿ ಜ್ವರದ ಲಸಿಕೆ ಹಾಕಿಸಿದ್ದೀರಾ?

ಕಾಲುವೆ ದಂಡೆ, ಶಹಾಪುರ

ಹಂದಿ ಜ್ವರದ ಲಸಿಕೆ ವರ್ಷಾ ವರ್ಷ ಹಾಕಿಸಿದ್ದೇನೆ. ಸತ್ತ ಮರಿಗಳನ್ನು ಕಾಲುವೆ ಬದಿಯಲ್ಲಿ ಹೂತುಬಿಟ್ಟೆ. ಯಾರಿಗೂ ತೋರಿಸಲಿಲ್ಲ. ಊರಲ್ಲಿ ಸುದ್ದಿ ಆಗುತ್ತೆ ಅಂತ ಹೆದರಿದ್ದೆ, ನಿಜ ಹೇಳುತ್ತೇನೆ.

ದನದ ಡಾಕ್ಟ್ರು, ಕಲಬುರಗಿ

ನಾನು ನಿವೃತ್ತ ಪಶುವೈದ್ಯ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನೀವು ಹೇಳಿದ ಲಕ್ಷಣಗಳು ಜಪಾನೀಸ್ ಎನ್ಸೆಫಲೈಟಿಸ್ ರೋಗಕ್ಕೆ ಹೊಂದುತ್ತವೆ. ಜನ ಜೆಇ ಅನ್ನುತ್ತಾರೆ, ನಮ್ಮಲ್ಲಿ ಇದನ್ನೂ ಮೆದುಳು ಜ್ವರ ಅಂತಲೇ ಕರೆಯುತ್ತಾರೆ. ಆದರೆ ಇದೇ ಅಂತ ಈಗಲೇ ಹೇಳಲು ಆಗುವುದಿಲ್ಲ. ಹಂದಿ ಪಾರ್ವೊ ವೈರಸ್ ಬಂದರೂ ಹೀಗೇ ಚಿಕ್ಕ ದೊಡ್ಡ ಗಾತ್ರದ ಒಣಗಿದ ಮರಿಗಳು ಬರುತ್ತವೆ, ತಾಯಿ ಆರಾಮಾಗೇ ಇರುತ್ತದೆ, ಚೊಚ್ಚಲಕ್ಕೇ ಜಾಸ್ತಿ ಹೊಡೆತ. ಇಲಿ ಜ್ವರ, ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ ರೋಗ, ಪಿಆರ್‌ಆರ್‌ಎಸ್ ಅನ್ನುವ ಹಂದಿಯ ವೈರಸ್ ರೋಗ, ಇವೂ ಕಂದು ಹಾಕಿಸುತ್ತವೆ. ಹಾಗಾಗಿ ಪರೀಕ್ಷೆ ಬೇಕೇ ಬೇಕು.

ಜೆಇ ಆಗಿದ್ದರೆ ಒಳಗೆ ಏನು ನಡೆದಿರುತ್ತೆ ಅಂತ ಹೇಳುತ್ತೇನೆ. ಈ ವೈರಸ್ ಡೆಂಗಿ ವೈರಸ್ಸಿನ ಸಂಬಂಧಿ. ಇದರ ಮೂಲ ನೆಲೆ ನೀರುಹಕ್ಕಿಗಳು. ಬೆಳ್ಳಕ್ಕಿ, ಕೊಳದ ಬಕ, ಇಂಥವು. ಅವುಗಳಿಗೆ ಏನೂ ಆಗುವುದಿಲ್ಲ. ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಹಕ್ಕಿಯ ರಕ್ತ ಕುಡಿದು, ಒಂದೆರಡು ವಾರ ಬಿಟ್ಟು ಹಂದಿಯನ್ನು ಕಚ್ಚಿದರೆ ವೈರಸ್ ಹಂದಿಗೆ ದಾಟುತ್ತದೆ. ಹಂದಿಯ ಮೈಯಲ್ಲಿ ಅದು ವೇಗವಾಗಿ ಹೆಚ್ಚುತ್ತದೆ. ಎರಡರಿಂದ ನಾಲ್ಕು ದಿನ ರಕ್ತದಲ್ಲಿ ತುಂಬಿಕೊಂಡಿರುತ್ತದೆ. ಆ ನಾಲ್ಕು ದಿನದಲ್ಲಿ ಕಚ್ಚಿದ ಸೊಳ್ಳೆಗಳೆಲ್ಲ ಅದನ್ನು ಹೊತ್ತುಕೊಂಡು ಹೋಗುತ್ತವೆ. ಅಷ್ಟರಲ್ಲಿ ಹಂದಿಗೆ ಒಂದು ದಿನ ಮೈ ಬಿಸಿ ಆಗಿರಬಹುದು, ಮೇವು ಸ್ವಲ್ಪ ಕಮ್ಮಿ ಮಾಡಿರಬಹುದು. ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹೊಡೆತ ಬೀಳುವುದು ಹೊಟ್ಟೆಯೊಳಗಿನ ಮರಿಗೆ. ಹಂದಿಯ ಗಬ್ಬ 114 ದಿನ. ಮೊದಲ 60, 70 ದಿನದೊಳಗೆ ಸೋಂಕು ತಗುಲಿದರೆ ಮರಿಗೆ ಅದನ್ನು ಎದುರಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ವೈರಸ್ ಗರ್ಭದಲ್ಲಿ ಒಂದು ಮರಿಯಿಂದ ಪಕ್ಕದ ಮರಿಗೆ ನಿಧಾನಕ್ಕೆ ದಾಟುತ್ತದೆ. ಮೊದಲು ಸತ್ತದ್ದು ಬೆರಳಿನಷ್ಟೇ ಉಳಿಯುತ್ತದೆ, ಆಮೇಲೆ ಸತ್ತದ್ದು ಗೇಣುದ್ದ. ನೀವು ಕಂಡ ಗಾತ್ರದ ವ್ಯತ್ಯಾಸಕ್ಕೆ ಕಾರಣ ಇದು. ನೀವು ಜುಲೈನಲ್ಲಿ ಕೂಡಿಸಿದ್ದೀರಿ. ಆಗಸ್ಟ್, ಸೆಪ್ಟೆಂಬರ್ ಅಂದರೆ ಗದ್ದೆ ತುಂಬಾ ನೀರು, ಸಂಜೆಯಾದರೆ ಸೊಳ್ಳೆಯ ಮೋಡ. ಲೆಕ್ಕ ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಹಳೇ ತಾಯಿ ಹಂದಿಗೆ ಹಿಂದಿನ ವರ್ಷಗಳಲ್ಲೇ ಸೋಂಕು ಬಂದು ಹೋಗಿರಬಹುದು. ಹಾಗಿದ್ದರೆ ಅದರ ಮೈ ಗಟ್ಟಿಯಾಗಿದೆ.

ಗಂಡು ಹಂದಿಯನ್ನೂ ನೋಡಿ. ಬೀಜ ಊದಿಕೊಂಡಿದೆಯಾ, ಕೂಡಿಸಿದರೂ ಗಬ್ಬ ನಿಲ್ಲದೆ ತಿರುಗಿ ಬೆದೆಗೆ ಬರುತ್ತಿವೆಯಾ ಅಂತ. ಗಂಡಿನ ವೀರ್ಯದಲ್ಲೂ ಈ ವೈರಸ್ ಹೋಗುತ್ತದೆ.

ಈಗ ಮಾಡಬೇಕಾದ್ದು ಇಷ್ಟು. ಮುಂದಿನ ಹಂದಿ ಸತ್ತ ಮರಿ ಹಾಕಿದರೆ ಹೂಳಬೇಡಿ. ಕೈಗವಸು ಹಾಕಿಕೊಂಡು, ಹೊಸದಾಗಿ ಸತ್ತ ಪೂರ್ತಿ ಮರಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಡಬ್ಬಿಯಲ್ಲಿಡಿ. ಒಣಗಿ ಮುರುಟಿದ್ದರಲ್ಲಿ ವೈರಸ್ ಸಿಗುವುದು ಕಷ್ಟ. ಕೂಡಲೇ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ. ಇಲ್ಲವೇ ನಿಮ್ಮ ಊರಿನ ಪಶು ಆಸ್ಪತ್ರೆಗೆ ಹೇಳಿ. ತಾಯಿ ಹಂದಿಯ ರಕ್ತ ಈಗ ಒಮ್ಮೆ, ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆಸಿ. ಮಾದರಿ ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯದ ದಾರಿ ಹಿಡಿಯುತ್ತದೆ. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಪಶುವೈದ್ಯ ಸಂಶೋಧನಾ ಸಂಸ್ಥೆ ಐವಿಆರ್‌ಐ, ಹಂದಿಯ ಜೆಇಗೆಂದೇ ಎಲೈಸಾ ಅನ್ನುವ ರಕ್ತ ಪರೀಕ್ಷೆಯ ಕಿಟ್ ತಯಾರಿಸಿದೆ.

ಮಾಸು ಮತ್ತು ಸತ್ತ ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿ ಜ್ವರ, ಬ್ರುಸೆಲ್ಲಾ ಆಗಿದ್ದರೆ ನಿಮಗೇ ಅಂಟುತ್ತದೆ. ನಾಯಿಗೆ ಹಾಕಬೇಡಿ. ಕಾಲುವೆಗಂತೂ ಬೇಡವೇ ಬೇಡ. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ.

ಸೇಡಂ ರಸ್ತೆ, ಕಲಬುರಗಿ

ಡಾಕ್ಟರ್ ಹೇಳಿದ್ದೆಲ್ಲ ಸರಿ ಇರಬಹುದು. ಆದರೆ ಹಂದಿ ಸಾಕುವವರು ಒಂದು ಮಾತು ಕೇಳಬೇಕು. ನಮ್ಮ ತಮ್ಮನಿಗೆ ಆರು ವರ್ಷ ಇದ್ದಾಗ ಮೆದುಳು ಜ್ವರ ಬಂತು. ಬೆಳಿಗ್ಗೆ ತಲೆನೋವು ಅಂದ, ಸಂಜೆ ವಾಂತಿ, ಮರುದಿನ ಫಿಟ್ಸ್. ಹನ್ನೆರಡು ದಿನ ಎಚ್ಚರವೇ ಇರಲಿಲ್ಲ. ಬದುಕಿಕೊಂಡ. ಆದರೆ ಬಲಗೈ ಇವತ್ತಿಗೂ ಎತ್ತಲು ಬರುವುದಿಲ್ಲ. ಅಂಗಡಿಯಲ್ಲಿ ಕೂತಿರುತ್ತಾನೆ, ಮೂರು ಮಾತು ಆಡಿದರೆ ಒಂದು ಮಾತು ತೊದಲುತ್ತದೆ. ಆಗ ನಮ್ಮ ಓಣಿಯ ಚರಂಡಿಯಲ್ಲಿ ದಿನಾ ಹಂದಿ ಹೊರಳುತ್ತಿದ್ದವು. ಇವತ್ತೂ ಹೊರಳುತ್ತವೆ. ಯಾರ ಹಂದಿ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಹಂದಿಗಳನ್ನೆಲ್ಲ ಊರಿಂದ ಆಚೆ ಹಾಕಿ ಅನ್ನುವುದು ತಪ್ಪಾ?

ಕಾಲುವೆ ದಂಡೆ, ಶಹಾಪುರ

ಅಣ್ಣ, ನಿಮ್ಮ ತಮ್ಮನ ವಿಷಯ ಓದಿ ಮಾತೇ ಬರುತ್ತಿಲ್ಲ. ನನ್ನ ಹಂದಿಗಳು ಗೋಡೆಯೊಳಗೇ ಇರುತ್ತವೆ, ಬೀದಿಗೆ ಬಿಡುವುದಿಲ್ಲ. ಆದರೂ ನನ್ನಿಂದ ಯಾರ ಮಗುವಿಗೋ ಹೀಗಾದರೆ ನಾನು ಊಟ ಹೇಗೆ ಮಾಡಲಿ?

ದನದ ಡಾಕ್ಟ್ರು, ಕಲಬುರಗಿ

ಸೇಡಂ ರಸ್ತೆಯವರೇ, ನಿಮ್ಮ ಕೇಳಿಕೆ ತಪ್ಪಲ್ಲ. ಸಾಕಿದ ಹಂದಿಯನ್ನು ಬೀದಿಗೆ ಬಿಡುವುದು ತಪ್ಪೇ. ಮನೆಗಳಿಂದ ಶೆಡ್ಡು ದೂರ ಇರಬೇಕು ಅನ್ನುವುದೂ ಸರಿ. ಆದರೆ ಹಂದಿ ಓಡಿಸಿದರೆ ರೋಗ ಹೋಯಿತು ಅಂತ ನೆಮ್ಮದಿಯಾಗಿ ಕೂತರೆ ಮಕ್ಕಳಿಗೇ ಅಪಾಯ. ಸಿಂಗಪುರದಲ್ಲಿ 1990ರ ದಶಕದ ಆರಂಭಕ್ಕೆ ಹಂದಿ ಸಾಕಣೆಯನ್ನೇ ನಿಲ್ಲಿಸಿದರು. ಆದರೂ ವೈರಸ್ಸಿನ ಕುರುಹು ಅಲ್ಲಿ ಪೂರ್ತಿ ಅಳಿಯಲಿಲ್ಲ, ಹಕ್ಕಿಗಳು ಇವೆಯಲ್ಲ. ಸುರಪುರದ ಬೋನಾಳ ಕೆರೆಗೆ ಬರುವ ಹಕ್ಕಿಗಳನ್ನು ನಾವು ಓಡಿಸುತ್ತೇವಾ? ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಇವತ್ತಿಗೂ ಲಕ್ಷಗಟ್ಟಲೆ ಹಂದಿ ಸಾಕುತ್ತಾರೆ. ಅಲ್ಲಿ ಮಕ್ಕಳಿಗೆ ಈ ರೋಗ ಬರುವುದು ತೀರಾ ಅಪರೂಪ. ಕಾರಣ ಲಸಿಕೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. 2022ರ ಆರಂಭದಲ್ಲಿ ಆಸ್ಟ್ರೇಲಿಯಾದ ದಕ್ಷಿಣ ಭಾಗದ ರಾಜ್ಯಗಳಲ್ಲಿ ಜೆಇ ಇರಬಹುದು ಅಂತ ಯಾರೂ ಊಹಿಸಿರಲಿಲ್ಲ. ಫೆಬ್ರುವರಿ ಕೊನೆಗೆ ಹಂದಿ ಫಾರ್ಮುಗಳಲ್ಲಿ ನಿಮ್ಮ ಹಾಗೇ ಸತ್ತ ಮರಿ, ಒಣಗಿದ ಮರಿ, ನಡುಗುವ ಮರಿ ಕಾಣಿಸಿದವು. ಸಾಕಣೆದಾರರು ಮುಚ್ಚಿಡದೆ ಪಶುವೈದ್ಯರಿಗೆ ತೋರಿಸಿದರು. ಅದರಿಂದ ಗೊತ್ತಾಗಿ ಜನರಲ್ಲೂ ಹುಡುಕಿದರು. 80ಕ್ಕೂ ಹೆಚ್ಚು ಹಂದಿ ಫಾರ್ಮುಗಳಲ್ಲಿ ಸೋಂಕು ಸಿಕ್ಕಿತು. ಆ ಹಾವಳಿಯಲ್ಲಿ 45 ಜನರಿಗೆ ರೋಗ ಬಂದು 7 ಜನ ತೀರಿಕೊಂಡರು. ಜಪಾನಿನಲ್ಲಂತೂ 1960ರ ದಶಕದಿಂದ ಪ್ರತಿ ಬೇಸಿಗೆ ಹಂದಿಯ ರಕ್ತ ಪರೀಕ್ಷೆ ಮಾಡಿ, ಯಾವ ಸೀಮೆಯಲ್ಲಿ ವೈರಸ್ ಓಡಾಡುತ್ತಿದೆ ಅಂತ ಜನರಿಗೆ ಮೊದಲೇ ತಿಳಿಸುತ್ತಾರೆ.

ಹಂದಿ ಸಾಕುವವರನ್ನು ಹೆದರಿಸಿದರೆ ಅವರು ರಾತ್ರೋರಾತ್ರಿ ಹೂತುಬಿಡುತ್ತಾರೆ. ಶಹಾಪುರದ ಅಣ್ಣ ಮಾಡಿದ್ದೂ ಅದೇ ಅಲ್ವಾ? ಆ ಎರಡು ಸಲದ ಮರಿಗಳು ನಮ್ಮ ಕೈಗೆ ಸಿಕ್ಕಿದ್ದರೆ ಹದಿನೈದು ದಿನ ಮುಂಚೆಯೇ ಗೊತ್ತಾಗುತ್ತಿತ್ತು.

ಸೇಡಂ ರಸ್ತೆ, ಕಲಬುರಗಿ

ಆಸ್ಟ್ರೇಲಿಯಾದ ವಿಷಯ ಗೊತ್ತಿರಲಿಲ್ಲ. ನಮ್ಮ ತಮ್ಮನಿಗೆ ಬಂದದ್ದು ಇದೇ ವೈರಸ್ಸಾ ಅಂತ ಆಗ ಯಾರೂ ಹೇಳಲಿಲ್ಲ. ಮೆದುಳು ಜ್ವರ ಅಂದರು, ಅಷ್ಟೇ.

ಉಪಕೇಂದ್ರದ ಅಕ್ಕ, ಚಿತ್ತಾಪುರ

ಅಣ್ಣಾ, ಮೆದುಳು ಜ್ವರ ಅನ್ನುವ ಒಂದೇ ಹೆಸರಿನೊಳಗೆ ಹಲವು ರೋಗ ಸೇರಿಕೊಂಡಿವೆ. ಉತ್ತರ ಪ್ರದೇಶದ ಗೋರಖಪುರದಲ್ಲಿ ವರ್ಷಗಟ್ಟಲೆ ಮಕ್ಕಳು ಸತ್ತರು. 2005 ಒಂದೇ ವರ್ಷ ಆ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಸಾವು. ಮೊದಲು ಎಲ್ಲವನ್ನೂ ಜೆಇ ಅಂದುಕೊಂಡಿದ್ದರು. ಲಸಿಕೆ ಬಂದಮೇಲೂ ಉಳಿದ ಜ್ವರಗಳಲ್ಲಿ ದೊಡ್ಡ ಪಾಲು ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಅಂತ ಆಮೇಲೆ ತಿಳಿಯಿತು. ಅದಕ್ಕೆ ಮಾತ್ರೆ ಇದೆ. ಜೆಇಗೆ ಇಲ್ಲ. ಅದಕ್ಕೇ ಜ್ವರದ ಜೊತೆ ಫಿಟ್ಸ್, ಕುತ್ತಿಗೆ ಬಿಗಿತ, ಮಂಕು, ತಡೆಯಿಲ್ಲದ ವಾಂತಿ ಕಂಡರೆ ಒಂದು ಗಳಿಗೆಯೂ ಕಾಯಬೇಡಿ. ಜಿಲ್ಲಾಸ್ಪತ್ರೆಗೆ ಓಡಿ.

ಹೆದರಿಸಲು ಹೇಳುತ್ತಿಲ್ಲ. ಸೊಳ್ಳೆ ಕಚ್ಚಿ ವೈರಸ್ ಒಳಗೆ ಹೋದವರಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಮಿದುಳಿಗೆ ಏರುತ್ತದೆ. ಆದರೆ ಏರಿದರೆ ನೂರಕ್ಕೆ 20ರಿಂದ 30 ಜನ ಉಳಿಯುವುದಿಲ್ಲ. ಉಳಿದವರಲ್ಲೂ ಮೂರರಲ್ಲಿ ಒಬ್ಬರಿಗಾದರೂ ಕೈ ಕಾಲು, ಮಾತು, ನೆನಪು, ಏನಾದರೂ ಒಂದು ಊನ. ಹೆಚ್ಚಾಗಿ 15 ವರ್ಷದೊಳಗಿನ ಮಕ್ಕಳು.

ಲಸಿಕೆ ಇದೆ, ಸರ್ಕಾರವೇ ಪುಕ್ಕಟೆ ಹಾಕುತ್ತದೆ. 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ದಡಾರ ರುಬೆಲ್ಲಾ ಲಸಿಕೆ ಹಾಕಿಸುವ ದಿನವೇ ಇದನ್ನೂ ಹಾಕುತ್ತೇವೆ. ನಮ್ಮ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ 2022ರ ಡಿಸೆಂಬರಿನಲ್ಲಿ ದೊಡ್ಡ ಅಭಿಯಾನ ನಡೆಯಿತು, 1ರಿಂದ 15 ವರ್ಷದ ಮಕ್ಕಳಿಗೆಲ್ಲ. ಶಾಲೆ ಶಾಲೆಗೆ ಹೋಗಿ ಹಾಕಿದ್ದು ನನಗೆ ಇನ್ನೂ ನೆನಪಿದೆ. ಇನ್ನೊಂದು ಮಾತು, ಇದನ್ನು ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ. ಹೈದರಾಬಾದಿನಲ್ಲಿ ತಯಾರಾಗುವ ಜೆನ್‌ವ್ಯಾಕ್ ಲಸಿಕೆಗೆ ಬಳಸಿದ ವೈರಸ್ ತಳಿ ನಮ್ಮ ಕೋಲಾರದ ಒಬ್ಬ ರೋಗಿಯಿಂದ ಸಿಕ್ಕಿದ್ದು. 1970ರ ದಶಕದ ಕೊನೆಯಲ್ಲಿ ಕೋಲಾರದಲ್ಲಿ ಈ ರೋಗ ಬಹಳ ಕಾಡಿತ್ತು.

ಶಹಾಪುರದ ಅಣ್ಣ, ಮಗಳ ತಾಯಿ ಕಾರ್ಡು ತೆಗೆದು ನೋಡಿ. ಎರಡೂ ಡೋಸ್ ಬಿದ್ದಿವೆಯಾ?

ಕಾಲುವೆ ದಂಡೆ, ಶಹಾಪುರ

ನೋಡಿದೆ ಅಕ್ಕ. ಒಂದೇ ಬಿದ್ದಿದೆ. ಎರಡನೆಯದರ ಜಾಗ ಖಾಲಿ. ಆ ವರ್ಷ ನಾವು ಪುಣೆಗೆ ಗುಳೆ ಹೋಗಿದ್ದೆವು. ನಾನು ಕಟ್ಟಡ ಕೆಲಸ, ಹೆಂಡತಿ ಇಟ್ಟಿಗೆ ಹೊರುತ್ತಿದ್ದಳು. ಮಗಳು ಮರಳಿನ ರಾಶಿ ಪಕ್ಕ ಆಡುತ್ತಿದ್ದಳು. ವಾಪಸ್ ಬಂದು ಹಂದಿ ಫಾರ್ಮು ಗಟ್ಟಿ ಮಾಡಿಕೊಂಡಿದ್ದೇ ಇನ್ನು ಗುಳೆ ಹೋಗಬಾರದು ಅಂತ. ಈಗ ಹಾಕಿಸಬಹುದಾ, ತಡ ಆಯಿತಾ?

ಉಪಕೇಂದ್ರದ ಅಕ್ಕ, ಚಿತ್ತಾಪುರ

ಖಂಡಿತ ಹಾಕಿಸಬಹುದು. 15 ವರ್ಷದವರೆಗೂ ಬಿಟ್ಟುಹೋದ ಡೋಸ್ ಕೊಡುತ್ತಾರೆ. ಗುರುವಾರ ನಿಮ್ಮ ಉಪಕೇಂದ್ರಕ್ಕೆ ಕಾರ್ಡು ಹಿಡಿದುಕೊಂಡು ಹೋಗಿ. ನಿಮ್ಮ ಓಣಿಯಲ್ಲಿ ಗುಳೆ ಹೋಗಿ ಬಂದ ಬೇರೆ ಮನೆಗಳೂ ಇರುತ್ತವೆ. ಅವರ ಕಾರ್ಡುಗಳನ್ನೂ ನೋಡಿಸಿ. ನಮ್ಮ ಕಡೆ ಲಸಿಕೆ ತಪ್ಪಿದ ಮಕ್ಕಳು ಅಂದರೆ ಹೆಚ್ಚಾಗಿ ಗುಳೆ ಹೋದ ಮನೆಯ ಮಕ್ಕಳೇ.

ಎಡದಂಡೆ ರೈತ, ಹುಣಸಗಿ

ಹಂದಿ ಸಾಕುವವರ ಮೇಲೆ ಎಲ್ಲ ಹೊರೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಆ ಸೊಳ್ಳೆ ಹುಟ್ಟುವುದು ನಮ್ಮ ಗದ್ದೆಯಲ್ಲಿ ಅಲ್ವಾ? ನಾನು ಭತ್ತ ಬೆಳೆಯುವವನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಅಪ್ಪನ ಕಾಲಕ್ಕೆ ಇಲ್ಲಿ ಜೋಳ, ತೊಗರಿ, ಸಜ್ಜೆ. ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರು ಬಂದಮೇಲೆ ಭತ್ತ. ಹೊಟ್ಟೆ ತುಂಬಿದೆ, ಸುಳ್ಳು ಹೇಳಬಾರದು. ಆದರೆ ಮಳೆಗಾಲದಿಂದ ದೀಪಾವಳಿವರೆಗೆ ಸಾವಿರಾರು ಎಕರೆಯಲ್ಲಿ ಮೊಣಕಾಲು ಮಟ್ಟ ನೀರು ನಿಂತಿರುತ್ತದೆ. ಬೆಳ್ಳಕ್ಕಿ ಗುಂಪು ಗುಂಪಾಗಿ ಬರುತ್ತವೆ. ಶಹಾಪುರದ ಅಣ್ಣನ ಶೆಡ್ಡು ಅದರ ಮಧ್ಯೆ ಇದೆ.

ನೀರನ್ನು ಬಿಟ್ಟು ಬಿಟ್ಟು ಕಟ್ಟಿದರೆ ಸೊಳ್ಳೆ ಕಮ್ಮಿ ಆಗುತ್ತೆ, ಇಳುವರಿಯೂ ಇಳಿಯುವುದಿಲ್ಲ ಅಂತ ಕೃಷಿ ಇಲಾಖೆಯವರು ಒಮ್ಮೆ ಹೇಳಿದ್ದರು. ನಮ್ಮಲ್ಲಿ ವಾರಬಂದಿ ಇದ್ದೇ ಇದೆ. ನೀರು ಕೆಲವು ದಿನ ಬರುತ್ತೆ, ಕೆಲವು ದಿನ ಬಂದ್. ಆದರೂ ಗದ್ದೆ ಒಣಗಲು ಬಿಡುವುದಿಲ್ಲ. ಮುಂದಿನ ಸಲ ನೀರು ನಮ್ಮ ತೂಬಿನವರೆಗೆ ಬರುತ್ತೋ ಇಲ್ಲವೋ ಅನ್ನುವ ಭಯ. ಬಂದಾಗಲೇ ಬದು ಎತ್ತರಿಸಿ ತುಂಬಿಸಿಕೊಳ್ಳುತ್ತೇವೆ. ಕಾಲುವೆಯ ಕೊನೆ ಭಾಗದಲ್ಲಿ ಇರುವವರಿಗೆ ಈ ಭಯ ಇನ್ನೂ ಜಾಸ್ತಿ. ನೀರು ಹೇಳಿದ ದಿನಕ್ಕೆ ಬಂದರೆ ನಾಳೆಯಿಂದಲೇ ಗದ್ದೆ ಒಣಗಿಸಲು ನಾನು ಸಿದ್ಧ. ಡಾಕ್ಟ್ರೇ, ಎಷ್ಟು ದಿನ ಒಣಗಿಸಿದರೆ ಸಾಕು?

ದನದ ಡಾಕ್ಟ್ರು, ಕಲಬುರಗಿ

ಎಂಥ ಒಳ್ಳೆ ಮಾತು ಹೇಳಿದಿರಿ. ನಮ್ಮ ಸೆಕೆಗೆ ಕ್ಯೂಲೆಕ್ಸ್ ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಅಷ್ಟರೊಳಗೆ ಒಮ್ಮೆ ಎರಡು ಮೂರು ದಿನ ನೀರು ಇಂಗಿ ಮಣ್ಣು ಕಾಣುವಂತಾದರೆ ಲಾರ್ವಾ, ಅಂದರೆ ನೀರಲ್ಲಿರುವ ಸೊಳ್ಳೆ ಮರಿಹುಳ, ಸಾಯುತ್ತವೆ. ಆದರೆ ಒಬ್ಬರ ಗದ್ದೆ ಒಣಗಿ ಪಕ್ಕದವರದು ತುಂಬಿದ್ದರೆ ಪ್ರಯೋಜನ ಕಮ್ಮಿ. ಈ ಸೊಳ್ಳೆ ಒಂದೆರಡು ಕಿಲೋಮೀಟರ್ ಸಲೀಸಾಗಿ ಹಾರುತ್ತದೆ. ಒಂದು ತೂಬಿನ ಕೆಳಗಿನವರೆಲ್ಲ ಕೂಡಿ ಮಾಡಬೇಕು. ತಮಿಳುನಾಡಿನ ಮಧುರೈ ಕಡೆ ಗದ್ದೆಗಳಲ್ಲಿ ಬೇವಿನ ಹಿಂಡಿ ಬೆರೆಸಿದ ಯೂರಿಯಾ ಹಾಕಿ ನೋಡಿದ್ದಾರೆ, ಲಾರ್ವಾ ಕಮ್ಮಿಯಾಗಿದ್ದವು. ಹೊಂಡ, ಬಾವಿಗಳಿಗೆ ಗಪ್ಪಿ ಮೀನು ಬಿಡಬಹುದು. ಆರೋಗ್ಯ ಇಲಾಖೆಯವರು ಕೊಡುತ್ತಾರೆ.

ಡೆಂಗಿ ಸೊಳ್ಳೆ ಹಗಲು ಕಚ್ಚುತ್ತದೆ, ಇದು ಹೊತ್ತು ಮುಳುಗಿದ ಮೇಲೆ ಕಚ್ಚುತ್ತದೆ. ಅದೂ ಹೊರಗೆ. ಹಾಗಾಗಿ ಮಧ್ಯಾಹ್ನ ಊರಲ್ಲಿ ಹೊಗೆ ಬಿಟ್ಟರೆ ಇದಕ್ಕೆ ಏನೂ ಆಗುವುದಿಲ್ಲ. ಇನ್ನು ದನ ಎಮ್ಮೆಗಳ ರಕ್ತ ಅಂದರೆ ಈ ಸೊಳ್ಳೆಗೆ ಬಹಳ ಇಷ್ಟ. ದನದ ಮೈಯಲ್ಲಿ ವೈರಸ್ ಅಷ್ಟಾಗಿ ಬೆಳೆಯುವುದಿಲ್ಲ, ಮನುಷ್ಯರಲ್ಲೂ ಹಾಗೇ. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ. ಮಗುವಿಗೆ ಜ್ವರ ಬಂತು ಅಂತ ಆ ಮನೆಯವರನ್ನು ದೂರ ಇಡಬೇಡಿ.

ಜೇವರ್ಗಿ ಹುಡುಗ

ಹಂದಿ ಮಾಂಸ ತಿಂದರೆ ಬರುತ್ತಾ? ನಮ್ಮ ಕಡೆ ಮಾರಾಟವೇ ನಿಂತುಹೋಗುತ್ತೆ ಅಂತ ಭಯ.

ದನದ ಡಾಕ್ಟ್ರು, ಕಲಬುರಗಿ

ಚೆನ್ನಾಗಿ ಬೇಯಿಸಿದ ಮಾಂಸದಿಂದ ಬರುವುದಿಲ್ಲ. ಇದು ಸೊಳ್ಳೆಯಿಂದ ಬರುವ ರೋಗ.

ಮಾಂಜ್ರಾ ತೀರ, ಭಾಲ್ಕಿ

ನಾನು ಏಳು ವರ್ಷದಿಂದ ಸಾಕುತ್ತಿದ್ದೇನೆ, ನನ್ನ ಅನುಭವ ಹೇಳುತ್ತೇನೆ. ಮೊದಲು ಶೆಡ್ಡಿನ ಪಕ್ಕ ಹಂದಿ ಹೊರಳಲು ಕೆಸರು ಹೊಂಡ ಮಾಡಿದ್ದೆ. ಹಂದಿಗೆ ಬೆವರು ಬರುವುದಿಲ್ಲ, ನಮ್ಮ ಬಿಸಿಲಿಗೆ ನೀರಿಲ್ಲದೆ ಬದುಕುವುದಿಲ್ಲ. ಆದರೆ ಆ ಹೊಂಡದಲ್ಲಿ ಬೊಗಸೆ ತುಂಬಾ ಲಾರ್ವಾ. ಮುಚ್ಚಿಸಿದೆ. ಈಗ ಸಿಮೆಂಟ್ ನೆಲದ ಮೇಲೆ ಸ್ಪ್ರಿಂಕ್ಲರ್ ಪೈಪು, ಮಧ್ಯಾಹ್ನ ಮೂರು ಸಲ ಹತ್ತು ನಿಮಿಷ. ನೆಲಕ್ಕೆ ಇಳಿಜಾರು ಕೊಟ್ಟಿದ್ದೇನೆ, ನೀರು ನಿಲ್ಲುವುದಿಲ್ಲ. ಸಗಣಿ ನೀರಿನ ಗುಂಡಿ ಮುಚ್ಚಿದ್ದೇನೆ. ಗೊಬ್ಬರದ ಗುಂಡಿಯ ಹೊಲಸು ನೀರಲ್ಲೂ ಹುಟ್ಟುವ ಕ್ಯೂಲೆಕ್ಸ್ ಇವೆ.

ಗಬ್ಬದ ಹಂದಿ ಇರುವ ಕೋಣೆಗಳಿಗೆ ಮಾತ್ರ ಸಣ್ಣ ಕಣ್ಣಿನ ಸೊಳ್ಳೆ ಪರದೆ ಹೊಡೆಸಿದ್ದೇನೆ. ಇಡೀ ಶೆಡ್ಡಿಗೆ ಹೊಡೆಸುವ ಶಕ್ತಿ ನನಗಿಲ್ಲ. ಸಂಜೆ ಐದಕ್ಕೆ ಇಳಿಬಿಟ್ಟು ಬೆಳಿಗ್ಗೆ ಏಳಕ್ಕೆ ಎತ್ತುತ್ತೇನೆ. ಗಾಳಿ ಸ್ವಲ್ಪ ಕಮ್ಮಿ ಆಗುತ್ತೆ, ಅದಕ್ಕೆ ಎರಡು ಫ್ಯಾನ್. ಅಸ್ಸಾಮಿನಲ್ಲಿ ಮನೆಗೂ ಹಂದಿ ಗೂಡಿಗೂ ಔಷಧಿ ಸವರಿದ ಪರದೆ ಕಟ್ಟಿ ನೋಡಿದಾಗ ಹಂದಿ, ಜನ ಇಬ್ಬರಲ್ಲೂ ಸೋಂಕು ಇಳಿದಿತ್ತು ಅಂತ ಒಂದು ತರಬೇತಿಯಲ್ಲಿ ಕೇಳಿದ್ದೆ. ಬರೀ ಬೇವಿನ ಸೊಪ್ಪಿನ ಹೊಗೆ ನಂಬಿ ಕೂರಬೇಡಿ. ಹೊಗೆ ಇರುವಷ್ಟು ಹೊತ್ತು ಅಷ್ಟೇ.

ಮುಖ್ಯ ಆದದ್ದು ಕೂಡಿಸುವ ತಿಂಗಳು. ಚೊಚ್ಚಲ ಹಂದಿಯನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ನಾನು ಕೂಡಿಸುವುದೇ ಇಲ್ಲ. ಹಾಗಂತ ಜನವರಿ ಕೊನೆಗೆ ಕೂಡಿಸಿದರೆ ಮೇ ನಡುಮಧ್ಯೆ ಮರಿ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ. ಒಂದು ವರ್ಷ ಹಾಗೆ ಮಾಡಿ ತಾಯಿಯೇ ಏದುಸಿರು ಬಿಟ್ಟು ಮರಿಗಳ ಮೇಲೆ ಬಿದ್ದು ಆರು ಮರಿ ಕಳಕೊಂಡೆ. ನವೆಂಬರ್ ಕೊನೆಯಿಂದ ಎಳ್ಳಮಾಸಿ ಆಸುಪಾಸಿನೊಳಗೆ ಕೂಡಿಸಿ. ಚಳಿಗೆ ಸೊಳ್ಳೆ ಕಮ್ಮಿ, ಮರಿ ಮಾರ್ಚ್ ಏಪ್ರಿಲ್‌ನಲ್ಲಿ ಬೀಳುತ್ತವೆ. ಒಂದು ಸರದಿ ತಡವಾಗುತ್ತೆ, ದುಡ್ಡಿನ ಲೆಕ್ಕದಲ್ಲಿ ಕಷ್ಟ. ಆದರೂ ಸತ್ತ ಮರಿ ಎತ್ತಿ ಹಾಕುವುದಕ್ಕಿಂತ ಮೇಲು.

ಡಾಕ್ಟ್ರೇ, ಹಂದಿಗೇ ಇದರ ಲಸಿಕೆ ಇದೆಯಲ್ಲ?

ದನದ ಡಾಕ್ಟ್ರು, ಕಲಬುರಗಿ

ಜಪಾನ್, ಕೊರಿಯಾ, ತೈವಾನ್‌ಗಳಲ್ಲಿ ತಳಿ ಹಂದಿಗಳಿಗೆ ಸೊಳ್ಳೆಗಾಲಕ್ಕೆ ಮುಂಚೆ ಹಾಕುತ್ತಾರೆ. ನಮ್ಮಲ್ಲಿ ವಾಡಿಕೆಯಾಗಿ ಹಾಕುವುದು ಹಂದಿ ಜ್ವರದ್ದು, ಅದು ಬೇರೆ ರೋಗ. ಸದ್ಯಕ್ಕೆ ಪರದೆ, ನೀರು, ಕೂಡಿಸುವ ತಿಂಗಳು, ಈ ಮೂರೇ ನಮ್ಮ ಕೈಯಲ್ಲಿರುವುದು. ನೀವು ಹೇಳಿದ ತಿಂಗಳ ಲೆಕ್ಕ ಪಕ್ಕಾ. ಕಾಲುವೆ ಪಕ್ಕದವರು ಡಿಸೆಂಬರ್‌ವರೆಗೆ ಕಾಯುವುದು ಇನ್ನೂ ಒಳ್ಳೆಯದು.

ಕಾಲುವೆ ದಂಡೆ, ಶಹಾಪುರ

ಮೂರನೆಯ ಚೊಚ್ಚಲ ಹಂದಿ ನಿನ್ನೆ ರಾತ್ರಿ ಮರಿ ಹಾಕಿತು. ಒಂಬತ್ತರಲ್ಲಿ ಐದು ಜೀವ. ಈ ಸಲ ಹೂಳಲಿಲ್ಲ. ರಾತ್ರಿ ಎರಡಕ್ಕೆ ಮೀನಿನ ಅಂಗಡಿಯವನನ್ನು ಎಬ್ಬಿಸಿ ಐಸ್ ತಂದೆ. ಬೆಳಿಗ್ಗೆ ಡಾಕ್ಟರ್ ಬಂದು ಎರಡು ಮರಿ, ನಾಲ್ಕು ಹಂದಿಯ ರಕ್ತ ತೆಗೆದುಕೊಂಡು ಹೋದರು. ಊರವರು ಶೆಡ್ಡಿನ ಮುಂದೆ ಸೇರಿದ್ದರು. ಏನೂ ಮುಚ್ಚಿಡದೆ ಹೇಳಿದೆ. ಕೈಕಾಲು ನಡುಗುತ್ತಿತ್ತು. ಮಗಳಿಗೆ ಗುರುವಾರ ಎರಡನೇ ಡೋಸ್ ಹಾಕಿಸಿದೆ. ನಮ್ಮ ಓಣಿಯಲ್ಲೇ ಇನ್ನೂ ಏಳು ಮಕ್ಕಳಿಗೆ ಡೋಸ್ ತಪ್ಪಿತ್ತು. ಏಳಕ್ಕೆ ಏಳೂ ಗುಳೆ ಹೋಗಿ ಬಂದ ಮನೆಯವು.

ಉಪಕೇಂದ್ರದ ಅಕ್ಕ, ಚಿತ್ತಾಪುರ

ಏಳು ಮಕ್ಕಳು! ಅಣ್ಣ, ಇವತ್ತು ನನ್ನ ಮನಸ್ಸು ತುಂಬಿತು.

ಕಾಲುವೆ ದಂಡೆ, ಶಹಾಪುರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ವರದಿ ಬಂತು. ಮರಿಗಳಲ್ಲಿ ಯಾವ ವೈರಸ್ಸೂ ಸಿಗಲಿಲ್ಲ. ಮೂರು ಹಂದಿಗಳ ರಕ್ತದಲ್ಲಿ ಜೆಇ ವಿರುದ್ಧದ ಪ್ರತಿಕಾಯ ಇದೆಯಂತೆ. ಅದರಲ್ಲಿ ಒಂದು, ಹತ್ತೂ ಮರಿ ಚೆನ್ನಾಗಿ ಹಾಕಿದ ಹಳೇ ಹಂದಿ. ಪಾರ್ವೊ ಪ್ರತಿಕಾಯವೂ ಒಂದರಲ್ಲಿ ಇದೆ. ಇದಕ್ಕೆ ಏನು ಅರ್ಥ ಡಾಕ್ಟ್ರೇ? ಮರಿ ಕಳಕೊಂಡ ಚೊಚ್ಚಲ ಹಂದಿಗಳನ್ನು ಮಾರಿಬಿಡಲಾ? ವ್ಯಾಪಾರಿ ಕೇಳುತ್ತಿದ್ದಾನೆ.

ದನದ ಡಾಕ್ಟ್ರು, ಕಲಬುರಗಿ

ಪ್ರತಿಕಾಯ ಅಂದರೆ ಸೋಂಕನ್ನು ಎದುರಿಸಲು ಮೈ ತಯಾರಿಸಿಕೊಳ್ಳುವ ವಸ್ತು. ವೈರಸ್ ಹೊತ್ತ ಸೊಳ್ಳೆ ಯಾವಾಗಲೋ ನಿಮ್ಮ ಶೆಡ್ಡಿಗೆ ಬಂದಿತ್ತು ಅನ್ನುವುದಷ್ಟೇ ಇದರಿಂದ ಗೊತ್ತಾಗುತ್ತದೆ. ಈ ಸಲದ ಮರಿಗಳು ಅದರಿಂದಲೇ ಸತ್ತವು ಅಂತ ಪ್ರಮಾಣ ಮಾಡಿ ಹೇಳಲು ಬರುವುದಿಲ್ಲ. ಎರಡನೇ ಸಲದ ರಕ್ತದಲ್ಲಿ ಪ್ರತಿಕಾಯ ಏರಿದ್ದರೆ ಸೋಂಕು ಹೊಸದು ಅಂತ ತಿಳಿಯುತ್ತದೆ. ಅದನ್ನು ತಪ್ಪಿಸಬೇಡಿ.

ಆ ಹಂದಿಗಳನ್ನು ಈಗಲೇ ಮಾರಬೇಡಿ. ಬ್ರುಸೆಲ್ಲಾ ಇಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಜೆಇ ಆಗಲಿ, ಪಾರ್ವೊ ಆಗಲಿ, ಒಮ್ಮೆ ಬಂದು ಹೋದ ತಾಯಿಗೆ ಮುಂದಿನ ಗಬ್ಬದಲ್ಲಿ ಸಾಮಾನ್ಯವಾಗಿ ಈ ತೊಂದರೆ ಇರುವುದಿಲ್ಲ. ಇವುಗಳನ್ನು ಮಾರಿ ಹೊಸ ಎಳೆ ಹಂದಿ ತಂದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಸೇಡಂ ರಸ್ತೆ, ಕಲಬುರಗಿ

ಇದನ್ನೆಲ್ಲ ತಮ್ಮನಿಗೆ ಓದಿ ಹೇಳಿದೆ. ಆ ಏಳು ಮಕ್ಕಳ ವಿಷಯ ಎರಡು ಸಲ ಓದಿಸಿದ. ನಮ್ಮ ಓಣಿಯ ಹಂದಿಗಳ ಮೇಲಿನ ನನ್ನ ಸಿಟ್ಟು ಹೋಗಿಲ್ಲ. ನಾಡಿದ್ದು ವಾರ್ಡಿನ ಸಭೆ ಇದೆ. ಹಂದಿಯ ಜೊತೆ ಚರಂಡಿ ನೀರಿನ ವಿಷಯವನ್ನೂ, ಮಕ್ಕಳ ಲಸಿಕೆಯ ವಿಷಯವನ್ನೂ ಎತ್ತುತ್ತೇನೆ.

ಕಾಲುವೆ ದಂಡೆ, ಶಹಾಪುರ

ಎರಡನೇ ರಕ್ತವನ್ನೂ ಕೊಟ್ಟಾಯಿತು, ವರದಿ ಬರಬೇಕು. ಬ್ರುಸೆಲ್ಲಾ ಇಲ್ಲ ಅಂತ ಬಂತು. ಮಾರಲಿಲ್ಲ. ಇಬ್ಬರು ಗದ್ದೆಯವರು ನಮ್ಮ ತೂಬಿನ ಕೆಳಗೆ ನೀರು ಬಿಟ್ಟು ಕಟ್ಟಲು ಒಪ್ಪಿದ್ದಾರೆ, ಮೂರನೆಯವರು ಇನ್ನೂ ಒಪ್ಪಿಲ್ಲ. ಕೆಸರು ಹೊಂಡ ಮುಚ್ಚಿದೆ. ನಾವು ಮಲಗುವುದನ್ನು ಊರೊಳಗಿನ ಮನೆಗೆ ಬದಲಾಯಿಸಿದ್ದೇವೆ. ಶೆಡ್ಡಿನ ಪಕ್ಕದ ಕೋಣೆಯಲ್ಲಿ ಈಗ ಬರೀ ಮೇವಿನ ಚೀಲ.

ಎಳ್ಳಮಾಸಿ ದಿನ ಹೊಲಕ್ಕೆ ಚರಗ ಚೆಲ್ಲಿ ಬಂದು, ಮರುದಿನ ಎರಡು ಹಂದಿ ಕೂಡಿಸಿದೆ. 114 ದಿನ ಎಣಿಸಿದರೆ ಏಪ್ರಿಲ್ ನಡುವಿಗೆ ಬರುತ್ತದೆ. ಮರಿ ಹಾಕಿದ ದಿನ ಇಲ್ಲೇ ಬರೆಯುತ್ತೇನೆ, ಎಷ್ಟು ಬದುಕಿವೆ, ಎಷ್ಟು ಇಲ್ಲ ಅಂತ.